ಪ್ರಮೋದ: ಗೆಳೆಯರ ಗುಣಕ್ಕೆ ಹಿಗ್ಗುವ ಸಾಧನೆ

ಜೈನ ಗೃಹಸ್ಥನ ದಿನಚರಿಯಲ್ಲಿ ಒಂದು ಸಾಮಾಯಿಕಕ್ಕೆ ಹೇಳಿರುವ ಕಾಲ ಒಂದು ಮುಹೂರ್ತ, ಅಂದರೆ 48 ನಿಮಿಷ. ಹಗಲು ಇರುಳು ಕೂಡಿದ ಒಂದು ದಿನದಲ್ಲಿ ಇಂಥ ಮುಹೂರ್ತಗಳು 30. ದಿನಕ್ಕೊಮ್ಮೆ ಸಾಮಾಯಿಕಕ್ಕೆ ಕುಳಿತುಕೊಳ್ಳುವ ಶ್ರಾವಕನು ಒಂದು ಮುಹೂರ್ತವನ್ನು ಸಮತಾಭಾವಕ್ಕೆ ಸಲ್ಲಿಸಿ, ಮಿಕ್ಕ 29 ಮುಹೂರ್ತಗಳನ್ನು ಲೋಕವ್ಯವಹಾರದಲ್ಲಿ ಕಳೆಯುತ್ತಾನೆ. ಆ ಒಂದರಲ್ಲಿ ಗಳಿಸಿದ್ದು ಮಿಕ್ಕವುಗಳಲ್ಲಿ ಉಳಿಯಿತೇ ಅಥವಾ ಸೋರಿಹೋಯಿತೇ ಎಂಬುದೇ ಅವನ ಧರ್ಮದ ನಿಜವಾದ ಲೆಕ್ಕ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಬದುಕಿನಲ್ಲಿ ಈ 29 ಮುಹೂರ್ತಗಳ ಒಂದು ಪಾಲು ಹವ್ಯಾಸಗಳಿಗೆ ಸಲ್ಲುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ ಅವರು ಹಾಡಿದ ನೆಲವಿದು. ಇಲ್ಲಿ ಕಂಠವಿದ್ದವರು ಹಾಡುತ್ತಾರೆ. ಬೇಂದ್ರೆಯವರ ಊರಿದು, ಇಲ್ಲಿ ಕವಿತೆ ಬರೆಯುವವರಿಗೆ ಕೊರತೆಯಿಲ್ಲ. ಹೆಣ್ಣುಮಕ್ಕಳು ಕಸೂತಿ ಹಾಕುತ್ತಾರೆ. ನೌಕರಿಯಿಂದ ನಿವೃತ್ತರಾದವರು ಕೈತೋಟ, ಚಿತ್ರಕಲೆ, ಭಜನೆಗಳಲ್ಲಿ ತೊಡಗುತ್ತಾರೆ. ಇದನ್ನು ಕಂಡ ಕೆಲವು ಹಿರಿಯ ಧರ್ಮಬಂಧುಗಳು ಒಂದು ಪ್ರಶ್ನೆ ಎತ್ತುತ್ತಾರೆ. ವೈರಾಗ್ಯವನ್ನು ಎತ್ತಿಹಿಡಿಯುವ ಧರ್ಮದಲ್ಲಿ ಹುಟ್ಟಿದವರಿಗೆ ಈ ಹವ್ಯಾಸಗಳೇಕೆ? ಇವು ರಾಗವನ್ನು ಬೆಳೆಸುವುದಿಲ್ಲವೇ? ಆ ಕಾಲವನ್ನು ಸ್ವಾಧ್ಯಾಯಕ್ಕೆ ಕೊಡಬಾರದೇ?

ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಜಿನಧರ್ಮವು ಮುನಿಗೂ ಶ್ರಾವಕನಿಗೂ ಒಂದೇ ಅಳತೆಗೋಲು ಹಿಡಿದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮುನಿಗೆ ಮಹಾವ್ರತ, ಶ್ರಾವಕನಿಗೆ ಅಣುವ್ರತ. ಮುನಿಯು ಪರಿಗ್ರಹವನ್ನು ಪೂರ್ಣವಾಗಿ ತ್ಯಜಿಸುತ್ತಾನೆ; ಶ್ರಾವಕನು ಅದಕ್ಕೊಂದು ಮಿತಿ ಹಾಕಿಕೊಳ್ಳುತ್ತಾನೆ. ಪರಿಗ್ರಹವೆಂದರೆ ವಸ್ತುವಷ್ಟೇ ಅಲ್ಲ, ವಸ್ತುವಿನ ಮೇಲಿನ ಮೂರ್ಛೆ, ಅಂದರೆ 'ಇದು ನನ್ನದು' ಎಂಬ ಅಂಟು ಎಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಹಾಗಾದರೆ ತಂಬೂರಿಯಾಗಲಿ, ಕುಂಚವಾಗಲಿ, ಸೂಜಿಯಾಗಲಿ ತಾನಾಗಿ ಬಂಧನಕ್ಕೆ ಕಾರಣವಲ್ಲ. ಅದನ್ನು ಹಿಡಿದ ಮನಸ್ಸಿನ ಅಂಟು ಎಷ್ಟು ಎಂಬುದೇ ಮುಖ್ಯ.

ಇನ್ನೊಂದು ಮಾತೂ ಉಂಟು. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಒಂದು. ಪ್ರಯೋಜನವಿಲ್ಲದ ಪಾಪದಿಂದ ದೂರವಿರುವುದು ಅದರ ತಿರುಳು. ಪರರ ಸೋಲು, ನಷ್ಟಗಳನ್ನು ಮನಸ್ಸಿನಲ್ಲೇ ಬಯಸುವ ಅಪಧ್ಯಾನ, ಮನಸ್ಸನ್ನು ಕಲಕುವ ಕಥೆಗಳಿಗೆ ಕಿವಿಗೊಡುವ ದುಃಶ್ರುತಿ, ಎಚ್ಚರವಿಲ್ಲದ ನಡೆಯಾದ ಪ್ರಮಾದಚರ್ಯೆ ಇವೆಲ್ಲ ಅನರ್ಥದಂಡದ ಬಗೆಗಳು. ಇವು ಹೆಚ್ಚಾಗಿ ಹುಟ್ಟುವುದು ಕೆಲಸವಿಲ್ಲದ ಹೊತ್ತಿನಲ್ಲಿ. ಕಟ್ಟೆಯ ಮೇಲೆ ಕುಳಿತು ಪರರ ಮನೆಯ ಮಾತಾಡುವ ಸಂಜೆಗಿಂತ, ಎಳೆ ಎಣಿಸಿ ಕಸೂತಿ ಹಾಕುವ ಸಂಜೆ ಧರ್ಮಕ್ಕೆ ಹತ್ತಿರವಾದುದು. ಕೈಗೆ ಶುಚಿಯಾದ ಕೆಲಸ ಸಿಕ್ಕಾಗ ನಾಲಗೆಗೂ ಮನಸ್ಸಿಗೂ ಕಾವಲು ದೊರೆಯುತ್ತದೆ.

ಕನ್ನಡದ ಆದಿಕವಿಯ ಬಾಳಿನಲ್ಲೇ ಇದಕ್ಕೆ ಸಾಕ್ಷಿಯಿದೆ. ಪಂಪನ ತಾಯಿ ಅಬ್ಬಣಬ್ಬೆ, ಇಂದಿನ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪ, ವಿಕ್ರಮಾರ್ಜುನ ವಿಜಯವನ್ನೂ ಬರೆದ. ಒಂದರಲ್ಲಿ ಜಿನಾಗಮವನ್ನೂ ಇನ್ನೊಂದರಲ್ಲಿ ಲೌಕಿಕವನ್ನೂ ಬೆಳಗುವುದಾಗಿ ಅವನೇ ಹೇಳಿಕೊಂಡಿದ್ದಾನೆ. ಲೌಕಿಕ ಕಾವ್ಯ ಬರೆದುದರಿಂದ ಅವನ ಜಿನಭಕ್ತಿ ಕುಂದಲಿಲ್ಲ; ಜಿನಭಕ್ತನಾದುದರಿಂದ ಅವನ ಕಾವ್ಯ ಬಡವಾಗಲಿಲ್ಲ. ಎರಡಕ್ಕೂ ಎಡೆಕೊಟ್ಟು ಬಾಳುವುದು ಗೃಹಸ್ಥನಿಗೆ ಸಾಧ್ಯವೆಂದು ಆ ಬಾಳು ತೋರಿಸುತ್ತದೆ.

ಹಾಗಿದ್ದರೆ ಅಪಾಯವಿರುವುದೆಲ್ಲಿ? ಹವ್ಯಾಸದ ಜೊತೆಗೇ ಬೆಳೆಯುವ ಮಾನಕಷಾಯದಲ್ಲಿ. ಶಾಸ್ತ್ರಗಳು ಹೇಳುವ 14 ಅಂತರಂಗ ಪರಿಗ್ರಹಗಳಲ್ಲಿ ಮಾನವೂ ಒಂದು. ಮನೆಯಲ್ಲಿ ಕೂಡಿಟ್ಟ ವಸ್ತುವನ್ನು ಎಣಿಸಬಹುದು, ದಾನವಾಗಿ ಕೊಡಬಹುದು. ಒಳಗೆ ಕೂಡಿದ ಮಾನ ಎಣಿಕೆಗೂ ಸಿಗದು, ಕೊಡಲೂ ಬಾರದು. ಅದು ಬೆಳೆದಿದೆ ಎಂದು ತಿಳಿಯುವುದು ಹತ್ತಿರದವರು ಮುಂದೆ ಬಂದಾಗ ಮಾತ್ರ. ಹಲವು ವರ್ಷ ಜೊತೆಯಾಗಿ ಬಸದಿಗೆ ಹೋಗಿಬಂದ, ಒಂದೇ ಮಂಡಳಿಯಲ್ಲಿ ಹಾಡಿದ ಇಬ್ಬರು ಗೆಳತಿಯರಲ್ಲಿ ಒಬ್ಬರಿಗೆ ಬಹುಮಾನ ಬಂದ ದಿನದಿಂದ ಮಾತು ನಿಲ್ಲುವುದು ಅಪರೂಪದ ಸಂಗತಿಯಲ್ಲ. ದೂರದವರ ಕೀರ್ತಿ ಯಾರನ್ನೂ ಸುಡುವುದಿಲ್ಲ. ಪಕ್ಕದಲ್ಲಿ ಕುಳಿತವರ ಕೀರ್ತಿ ಸುಡುತ್ತದೆ.

ಇದಕ್ಕೆ ಮದ್ದಾಗಿ ಆಚಾರ್ಯರು ನಾಲ್ಕು ಭಾವನೆಗಳನ್ನು ಬೋಧಿಸಿದ್ದಾರೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ನೊಂದವರಲ್ಲಿ ಕಾರುಣ್ಯ, ತಿದ್ದಲು ಒಪ್ಪದ ವಿಪರೀತ ಬುದ್ಧಿಯವರಲ್ಲಿ ಮಾಧ್ಯಸ್ಥ್ಯ. ಇವುಗಳಲ್ಲಿ ಮೈತ್ರಿ, ಕಾರುಣ್ಯಗಳ ಕುರಿತು ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಪ್ರಮೋದದ ಮಾತು ಕಡಿಮೆ. ಆದರೆ ಆಚರಣೆಗೆ ಇಳಿದರೆ ಅದೇ ಕಠಿಣವಾದುದು. ನೊಂದವನಿಗೆ ಕರುಣೆ ತೋರುವಾಗ ಮನುಷ್ಯ ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾನೆ. ಅಲ್ಲಿ ಮಾನಕ್ಕೆ ನೋವಿಲ್ಲ. ತನಗಿಂತ ಚೆನ್ನಾಗಿ ಹಾಡಿದವನನ್ನು ಮನಸಾರೆ ಮೆಚ್ಚಲು ಒಂದು ಮೆಟ್ಟಿಲು ಕೆಳಗಿಳಿದು ನಿಲ್ಲಬೇಕು. ಉಪವಾಸ ಮಾಡಬಲ್ಲವರೂ ಆ ಒಂದು ಮೆಟ್ಟಿಲನ್ನು ಇಳಿಯಲಾರರು.

ಇಳಿದವರ ನೆನಪು ಶಾಸನವಾಗಿ ಉಳಿದಿದೆ. ಪಂಪನ ತಮ್ಮ ಜಿನವಲ್ಲಭ, ಇಂದಿನ ತೆಲಂಗಾಣದ ಕುರಿಕ್ಯಾಲದ ಬೆಟ್ಟದಲ್ಲಿ ಸಂಸ್ಕೃತ, ತೆಲುಗು, ಕನ್ನಡ ಈ ಮೂರು ಭಾಷೆಗಳಲ್ಲಿ ಶಾಸನ ಬರೆಸಿದ. ಅಲ್ಲಿ ಜಿನಬಿಂಬಗಳನ್ನು ಮಾಡಿಸಿದ, ಕೆರೆ ಕಟ್ಟಿಸಿದ, ವನ ಬೆಳೆಸಿದ. ಆ ಕೆರೆಗೆ ಅವನು ಇಟ್ಟದ್ದು ತನ್ನ ಹೆಸರನ್ನಲ್ಲ. ಅಣ್ಣನ ಬಿರುದಾದ ಕವಿತಾಗುಣಾರ್ಣವ ಎಂಬ ಹೆಸರನ್ನು. ಅಬ್ಬಣಬ್ಬೆಯ ತವರಿನ ಮಾತು ಇಂದು ತಿಳಿದಿರುವುದೂ ಆ ಶಾಸನದಿಂದಲೇ. ತಾನೂ ಅಕ್ಷರ ಬಲ್ಲವನಾಗಿದ್ದು, ಒಡಹುಟ್ಟಿದವನ ಪ್ರತಿಭೆಗೆ ಕರುಬದೆ ಅವನ ಬಿರುದನ್ನು ಕೆರೆಯ ಹೆಸರಾಗಿ ನಿಲ್ಲಿಸಿದ ಮನಸ್ಸನ್ನೇ ಪ್ರಮೋದವೆನ್ನುವುದು.

ಇಂಥ ಮನಸ್ಸು ಒಂದು ಮತಕ್ಕೆ ಮೀಸಲಾದುದಲ್ಲ. 1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ 'ಗೆಳೆಯರ ಗುಂಪು' ಕಟ್ಟಿಕೊಂಡಿತು. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ ಮೊದಲಾದವರು ಅದರಲ್ಲಿದ್ದರು. ಹಲವರು ವೃತ್ತಿಯಿಂದ ಶಿಕ್ಷಕರು. ಸಾಲೆಯ ಕೆಲಸದ ಆಚೆಗೆ ಉಳಿದ ಹೊತ್ತನ್ನು ಬರವಣಿಗೆಗೆ ಕೊಟ್ಟವರು. ಒಬ್ಬರ ದಾರಿ ಕವಿತೆ, ಇನ್ನೊಬ್ಬರದು ಸಂಶೋಧನೆ, ಮತ್ತೊಬ್ಬರದು ಸಾಹಿತ್ಯ ಚರಿತ್ರೆ. ಗೆಳೆತನದ ನೆರಳಿನಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಬೆಳೆದರು. ಅವರು 'ಸಂಘ'ವೆನ್ನದೆ 'ಗೆಳೆಯರು' ಎಂದು ಕರೆದುಕೊಂಡದ್ದರಲ್ಲೇ ಕಲಿಯುವ ಮಾತಿದೆ. ಹವ್ಯಾಸ ಬೆಳೆಯುವುದು ಗೆಳೆಯನ ಕಿವಿಯಲ್ಲಿ, ಗೆಳೆಯನ ಕಣ್ಣಿನಲ್ಲಿ.

ಆದರೆ ಗೆಳೆಯನ ಗುಣಕ್ಕೆ ಹಿಗ್ಗುವುದೆಂದರೆ ಅವನು ಮಾಡಿದ್ದನ್ನೆಲ್ಲ ಹೊಗಳುವುದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತೀಕರಣ, ವಾತ್ಸಲ್ಯ ಎಂಬ ಮೂರು ಒಟ್ಟಿಗೇ ಬರುತ್ತವೆ. ಧರ್ಮಬಂಧುವಿನ ಕುಂದನ್ನು ಬೀದಿಗೆ ತಾರದೆ ಮರೆಮಾಡುವುದು ಉಪಗೂಹನ. ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು ಸ್ಥಿತೀಕರಣ. ಕರುವಿನ ಮೇಲೆ ಹಸುವಿಗಿರುವಂಥ ಪ್ರೀತಿ ವಾತ್ಸಲ್ಯ.

ಸ್ಥಿತೀಕರಣಕ್ಕೆ ಜೈನ ಪರಂಪರೆ ಕೊಡುವ ನಿದರ್ಶನ ಇಬ್ಬರು ಗೆಳೆಯರ ಕಥೆಯೇ ಆಗಿದೆ. ಶ್ರೇಣಿಕ ಮಹಾರಾಜನ ಮಗ ವಾರಿಷೇಣ ಮುನಿಯಾದ. ಅವನ ಮೇಲಿನ ಸ್ನೇಹದಿಂದ ಪುಷ್ಪಡಾಲನೂ ದೀಕ್ಷೆ ತೆಗೆದುಕೊಂಡ. ವೇಷ ಬದಲಾಯಿತು, ಮನಸ್ಸು ಮಾತ್ರ ಮನೆಯಲ್ಲಿದ್ದ ಹೆಂಡತಿಯ ಕಡೆಗೇ ಹರಿಯುತ್ತಿತ್ತು. ವಾರಿಷೇಣ ಇದನ್ನು ಅರಿತನು. ಆದರೆ ಸಂಘದ ಮುಂದೆ ಗೆಳೆಯನನ್ನು ನಿಲ್ಲಿಸಿ ನಿಂದಿಸಲಿಲ್ಲ. ತಾನು ಬಿಟ್ಟುಬಂದ ಅರಮನೆಗೆ ಅವನನ್ನು ಕರೆದೊಯ್ದನು. ಮಗನೂ ವ್ರತದಿಂದ ಜಾರಿದನೇ ಎಂದು ಶಂಕಿಸಿದ ತಾಯಿ ಚೇಲನೆ ಎರಡು ಬಗೆಯ ಆಸನಗಳನ್ನು ಇಡಿಸಿದಳು. ವಾರಿಷೇಣ ವಿರಾಗಿಗೆ ತಕ್ಕ ಸಾದಾ ಆಸನದಲ್ಲಿ ಕುಳಿತನು. ಬಳಿಕ ತನ್ನ ಪೂರ್ವಾಶ್ರಮದ ಪತ್ನಿಯರನ್ನು ಸರ್ವಾಲಂಕಾರದೊಡನೆ ಅಲ್ಲಿಗೆ ಕರೆಸಿ, ಈ ರಾಜಭೋಗವನ್ನೆಲ್ಲ ನೀನೇ ಸ್ವೀಕರಿಸು ಎಂಬ ಅರ್ಥದ ಮಾತನ್ನು ಗೆಳೆಯನಿಗೆ ಹೇಳಿದನು. ಇಷ್ಟನ್ನು ತೊರೆದವನ ಪಕ್ಕದಲ್ಲಿದ್ದೂ ತಾನು ಎಷ್ಟಕ್ಕೆ ಅಂಟಿಕೊಂಡಿದ್ದೇನೆಂದು ಪುಷ್ಪಡಾಲ ನಾಚಿದನು. ಅವನ ಮನಸ್ಸು ನೆಲೆಗೆ ನಿಂತಿತು. ಗೆಳೆಯನ ಕುಂದನ್ನು ಕಂಡು ಕಾಣದಂತಿರುವುದೂ ಸ್ನೇಹವಲ್ಲ, ಕಂಡದ್ದನ್ನು ಊರಿಗೆ ಸಾರುವುದೂ ಸ್ನೇಹವಲ್ಲ. ಅವನ ಮಾನ ಉಳಿಸಿ ಅವನನ್ನು ಮೇಲೆತ್ತುವುದು ಸ್ನೇಹ.

ಇಂದಿನ ನಡವಳಿಕೆ ಇದಕ್ಕೆ ತಿರುಗುಮುರುಗಾಗಿದೆ. ಗೆಳತಿ ಬಿಡಿಸಿದ ರಂಗೋಲಿಯ ಚಿತ್ರ ಮೊಬೈಲಿಗೆ ಬಂದೊಡನೆ ಕೈಮುಗಿಯುವ, ಹೂವಿನ ಗುರುತುಗಳನ್ನು ಕಳಿಸುವವರೇ, ಮರುಗಳಿಗೆ ಅದರ ತಪ್ಪನ್ನು ಮೂರನೆಯವರಿಗೆ ಹೇಳುತ್ತಾರೆ. ಮೆಚ್ಚುಗೆ ಎದುರಿಗೆ, ಟೀಕೆ ಬೆನ್ನಿಗೆ. ಸ್ನೇಹಧರ್ಮ ಬಯಸುವುದು ಇದರ ವಿರುದ್ಧ ಕ್ರಮವನ್ನು: ಗುಣವನ್ನು ಹತ್ತು ಜನರ ಮುಂದೆ ಹೇಳಬೇಕು, ಕುಂದನ್ನು ಅವರೊಬ್ಬರಿಗೇ ಹೇಳಬೇಕು. ಪೂಜೆ, ಅಭಿಷೇಕಗಳ ಸವಾಲಿನಲ್ಲಿಯೂ ಕೊಡುವ ಸಂತೋಷಕ್ಕಿಂತ ಪಕ್ಕದವರನ್ನು ಮೀರಿಸುವ ಹಟ ಕೆಲವೊಮ್ಮೆ ಮೇಲಾಗುವುದುಂಟು. ಜಿನಬಿಂಬದ ಎದುರಿನಲ್ಲೇ ಕರಗದ ಮಾನ, ಸ್ಪರ್ಧೆಯ ವೇದಿಕೆಯಲ್ಲಿ ಕರಗೀತೇ?

ಹೀಗಾಗಿ ಹವ್ಯಾಸವನ್ನು ಬಿಡಬೇಕೆನ್ನುವುದಕ್ಕಿಂತ, ಅದನ್ನೇ ಸಾಧನೆಯ ಅಂಗಳವನ್ನಾಗಿ ಮಾಡಿಕೊಳ್ಳಬೇಕೆನ್ನುವುದು ಹೆಚ್ಚು ಉಚಿತ. ಧಾರವಾಡದ ಕಸೂತಿಯನ್ನೇ ನೋಡಬಹುದು. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಮುಂಬದಿ, ಹಿಂಬದಿ ಎರಡೂ ಒಂದೇ ರೀತಿ ಕಾಣಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ದಶಧರ್ಮಗಳಲ್ಲಿ ಆರ್ಜವವೆಂದರೂ ಇದೇ ಅಲ್ಲವೇ? ಒಳಗೊಂದು ಹೊರಗೊಂದು ಇಲ್ಲದಿರುವುದು, ಮನಸ್ಸಿನಲ್ಲಿ ಗಂಟು ಉಳಿಯದಿರುವುದು. ಸೀರೆಯ ಸೆರಗಿನಲ್ಲಿ ಗೋಪುರ, ತೇರುಗಳನ್ನು ಮೂಡಿಸುವ ಕೈ, ಪಕ್ಕದವಳ ಸೆರಗು ಇನ್ನೂ ಚೆಲುವಾಗಿ ಬಂದಾಗ ನಡುಗದಿದ್ದರೆ ಆ ಸಂಜೆ ಸಾರ್ಥಕ.

ಸಾಧನೆಗೆ ಅಹಿಂಸೆಯ ಎಚ್ಚರವೂ ಬೇಕು. ಕಸೂತಿಗೆ ರೇಷ್ಮೆಯ ದಾರವೇ ರೂಢಿ. ಆದರೆ ರೇಷ್ಮೆ ಎಳೆ ತೆಗೆಯುವಾಗ ಗೂಡಿನೊಳಗಿನ ಹುಳು ಸಾಯುತ್ತದೆ. ಹತ್ತಿಯ ದಾರದಲ್ಲಿಯೂ ಹೊಲಿಯಬಹುದು. ಪ್ರಾಣಿಗಳ ಕೂದಲಿನ ಕುಂಚಕ್ಕೆ ಬದಲಾಗಿ ಕೃತಕ ಎಳೆಯ ಕುಂಚ ಸಿಗುತ್ತದೆ. ಕೈತೋಟದ ಅಗೆತದಲ್ಲಿ ಆಗುವುದು ಆರಂಭೀ ಹಿಂಸೆ. ಗೃಹಸ್ಥನಿಗೆ ಅದು ಪೂರ್ತಿಯಾಗಿ ತಪ್ಪದು, ಯತ್ನಾಚಾರದಿಂದ ಕಡಿಮೆ ಮಾಡಬಹುದು. ಆದರೆ ಹುಳು ಸಾಯಲೆಂದೇ ವಿಷ ಸಿಂಪಡಿಸುವುದು ಬೇರೆ ಮಾತು. ಅಲ್ಲಿ ಸಂಕಲ್ಪ ಸೇರುತ್ತದೆ.

ಕೊನೆಯದಾಗಿ, ಮಾಡಿದ್ದನ್ನು ಕೊಡುವ ಗುಣ ಬೇಕು. ಹುಬ್ಬಳ್ಳಿಯಿಂದ ಬಹುದೂರವಲ್ಲದ ಲಕ್ಕುಂಡಿಯಲ್ಲಿ 1007ರಲ್ಲಿ ಜಿನಾಲಯ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳು. ರನ್ನನಿಂದ ಅಜಿತಪುರಾಣ ಬರೆಯಿಸಿದಳು. ಹಂಚಿದ್ದು ಇನ್ನೊಬ್ಬರ ಕೃತಿ, ಬೆಳೆಸಿದ್ದು ಇನ್ನೊಬ್ಬರ ಪ್ರತಿಭೆ. ಉಳಿದದ್ದು ಅವಳ ಹೆಸರು. ಹಾಡಬಲ್ಲವರು ನೆರೆಮನೆಯ ಮಗುವಿಗೆ ಒಂದು ಸ್ತೋತ್ರ ಕಲಿಸಲಿ. ಅಕ್ಷರ ಅಂದವಾಗಿರುವವರು ಕಣ್ಣು ಮಂಜಾದ ಹಿರಿಯರಿಗೆ ನಿತ್ಯಪಾಠವನ್ನು ದಪ್ಪ ಅಕ್ಷರಗಳಲ್ಲಿ ಬರೆದುಕೊಡಲಿ. ಹಂಚಿದಷ್ಟೂ ಮೂರ್ಛೆ ಸಡಿಲವಾಗುತ್ತದೆ.

ಪ್ರತಿದಿನದ ಪ್ರತಿಕ್ರಮಣದಲ್ಲಿ ಶ್ರಾವಕನು ತಾನು ಮಾಡಿದ ದೋಷಗಳನ್ನು ನೆನೆಯುತ್ತಾನೆ. ಅದರೊಡನೆ ಇನ್ನೊಂದು ನೆನಪನ್ನೂ ಸೇರಿಸಿಕೊಳ್ಳಬಹುದು: ಇಂದು ಯಾರ ಗುಣವನ್ನು ಕಂಡೆ, ಕಂಡದ್ದನ್ನು ಅವರಿಗೆ ಹೇಳಿದೆನೇ? ದಶಲಕ್ಷಣ ಪರ್ವದ ನಂತರದ ಕ್ಷಮಾವಾಣಿಯ ದಿನ ಎಲ್ಲರಲ್ಲೂ ಕ್ಷಮೆ ಕೇಳುವ ವಾಡಿಕೆಯಿದೆ. ದೂರದವರಿಗೆ ಸಂದೇಶ ಕಳಿಸುವುದು ಸುಲಭ. ಮಾತು ಬಿಟ್ಟ ಗೆಳತಿಯ ಮನೆ ಎರಡು ಓಣಿಯ ಆಚೆಗಿದ್ದರೆ, ಕ್ಷಮಾವಾಣಿಯವರೆಗೂ ಕಾಯದೆ ಅಲ್ಲಿಗೆ ನಡೆದುಹೋಗಿ, 'ಅಂದು ನಿಮ್ಮ ಹಾಡು ನಿಜವಾಗಿಯೂ ಚೆನ್ನಾಗಿತ್ತು' ಎಂದು ಹೇಳುವುದು ಕಷ್ಟ. ಆ ದಿನದ ಸಾಮಾಯಿಕ ಫಲಿಸಿತೆಂದು ತಿಳಿಯುವುದು ಆ ಮಾತು ಬಾಯಿಗೆ ಬಂದಾಗಲೇ.