ನೇತ್ರಾಣಿಯ ಆಳಕ್ಕೆ ಇಳಿಯುವವರಿಗೆ ಪ್ರತ್ಯೇಕ ವಿಮೆ ಬೇಕೆ?

ವಾರಾಂತ್ಯದ ಪ್ರವಾಸವೆಂದರೆ ದೇವಸ್ಥಾನ ಮತ್ತು ಜಲಪಾತ ಎಂಬ ಕಾಲ ಬದಲಾಗಿದೆ. ಮಾಗಡಿ ರಸ್ತೆಯ ಬ್ಯಾಡರಹಳ್ಳಿ, ವಿಜಯನಗರ, ಕೆಂಗೇರಿಯಂತಹ ಬಡಾವಣೆಗಳ ಯುವಜನರು ಶುಕ್ರವಾರ ರಾತ್ರಿ ಹೊರಟು, ಮುರ್ಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲು ದೂರದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಸೋಮವಾರ ಕೆಲಸಕ್ಕೆ ಹಾಜರಾಗುವುದು ಈಗ ಅಪರೂಪವೇನಲ್ಲ. ದೋಣಿ ಹತ್ತುವ ಮುನ್ನ ಅವರು ಒಂದು ಹೊಣೆಮುಕ್ತಿ ಪತ್ರಕ್ಕೆ ಸಹಿ ಹಾಕುತ್ತಾರೆ. ಅವಘಡ ಸಂಭವಿಸಿದರೆ ಖರ್ಚು ಭರಿಸುವವರು ಯಾರು ಎಂಬ ಪ್ರಶ್ನೆಗೆ ಆ ಪತ್ರದಲ್ಲಿ ಉತ್ತರವಿರುವುದಿಲ್ಲ.

ಆರೋಗ್ಯ ವಿಮೆ ಇದೆಯಲ್ಲ ಎಂಬುದು ಸಾಮಾನ್ಯ ಸಮಾಧಾನ. ಇದು ಸಂಪೂರ್ಣ ತಪ್ಪಲ್ಲ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಆರೋಗ್ಯ ವಿಮೆಯ ವಿನಾಯಿತಿ ಷರತ್ತುಗಳಿಗೆ ಪ್ರಮಾಣಿತ ಪದಾವಳಿ ರೂಪಿಸಿತು. ಅದರಲ್ಲಿ ಸ್ಕೂಬಾ ಡೈವಿಂಗ್‌ನ ಹೆಸರು ಸ್ಪಷ್ಟವಾಗಿಯೇ ಇದೆ. ಆದರೆ ವಿಮೆ ಅನ್ವಯವಾಗದಿರುವುದು ‘ವೃತ್ತಿಪರರಾಗಿ’ ಪಾಲ್ಗೊಂಡಾಗ ಉಂಟಾಗುವ ಚಿಕಿತ್ಸಾ ವೆಚ್ಚಕ್ಕೆ. ಅಂದರೆ, ಈ ಪದಾವಳಿಯುಳ್ಳ ಪಾಲಿಸಿಯಲ್ಲಿ ಹವ್ಯಾಸಕ್ಕಾಗಿ ನೀರಿಗಿಳಿದವರಿಗೆ ರಕ್ಷಣೆಯನ್ನು ಈ ಷರತ್ತಿನಡಿ ನಿರಾಕರಿಸುವುದು ಕಷ್ಟ. ಸಂಬಳ ಪಡೆದು ಪ್ರವಾಸಿಗರನ್ನು ಕೈಹಿಡಿದು ಕೆಳಗಿಳಿಸುವ ತರಬೇತುದಾರನ ಸ್ಥಿತಿ ಇದಕ್ಕೆ ವಿರುದ್ಧ. ಅತಿ ಹೆಚ್ಚು ಬಾರಿ ಸಮುದ್ರಕ್ಕೆ ಇಳಿಯುವವನೇ ಸಾಮಾನ್ಯ ಪಾಲಿಸಿಯಿಂದ ಹೊರಗುಳಿಯುತ್ತಾನೆ.

ವೈಯಕ್ತಿಕ ಅಪಘಾತ ವಿಮೆಯ ಲೆಕ್ಕಾಚಾರ ಬೇರೆ. ವಿಮಾ ಭಾಷೆಯಲ್ಲಿ ಅಪಘಾತವೆಂದರೆ ಬಾಹ್ಯ, ಗೋಚರ ಹಾಗೂ ಪ್ರಬಲ ಕಾರಣದಿಂದ ಹಠಾತ್ತನೆ, ಅನಿರೀಕ್ಷಿತವಾಗಿ, ಇಚ್ಛೆಗೆ ವಿರುದ್ಧವಾಗಿ ಘಟಿಸಿದ್ದು. ದೋಣಿಯ ಅಂಚಿಗೆ ತಲೆ ಬಡಿದರೆ ಈ ವ್ಯಾಖ್ಯಾನ ಸುಲಭವಾಗಿ ಹೊಂದುತ್ತದೆ. ಆದರೆ ಡೈವಿಂಗ್‌ನ ವಿಶಿಷ್ಟ ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಸಮುದ್ರದಲ್ಲಿ 10 ಮೀಟರ್ ಆಳಕ್ಕೆ ಹೋದರೆ ದೇಹದ ಮೇಲಿನ ಒತ್ತಡ ದುಪ್ಪಟ್ಟಾಗುತ್ತದೆ. ಉಸಿರಾಡಿದ ಗಾಳಿಯ ಸಾರಜನಕ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗುತ್ತದೆ. ವೇಗವಾಗಿ ಮೇಲೆ ಬಂದರೆ ಅದು ಗುಳ್ಳೆಗಳಾಗಿ ಕೀಲುನೋವು, ಮರಗಟ್ಟುವಿಕೆ, ಕೆಲವೊಮ್ಮೆ ಪಾರ್ಶ್ವವಾಯುವಿಗೂ ಕಾರಣವಾಗುತ್ತದೆ. ಇದು ಅಪಘಾತವೋ ಅನಾರೋಗ್ಯವೋ ಎಂಬ ವಾದಕ್ಕೆ ಅವಕಾಶವಿದೆ. ನೀರಿನಡಿ ಸಂಭವಿಸುವ ಹೃದಯಾಘಾತಕ್ಕೂ ಇದೇ ಮಾತು ಅನ್ವಯ.

ಬೆಂಗಳೂರಿಗರಿಗೆ ಇನ್ನೊಂದು ತೊಡಕಿದೆ. ಡೈವಿಂಗ್ ಬಳಿಕ ವಿಮಾನ ಏರಲು ಒಂದು ಇಳಿತವಾದರೆ ಕನಿಷ್ಠ 12 ಗಂಟೆ, ಹಲವು ಇಳಿತಗಳಾದರೆ 18 ಗಂಟೆ ಕಾಯಬೇಕೆಂಬುದು ಪ್ರಚಲಿತ ಸಲಹೆ. ಈ ಸಲಹೆ ಸುಮಾರು 600 ಮೀಟರ್‌ಗಿಂತ ಮೇಲಿನ ಎತ್ತರಕ್ಕೆ ಸಮನಾದ ವಾಯುಒತ್ತಡವನ್ನು ಗಮನದಲ್ಲಿಟ್ಟು ರೂಪುಗೊಂಡದ್ದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಅಂದೇ ಸಂಜೆ ಬಸ್ಸು ಹಿಡಿದು ಘಟ್ಟ ಹತ್ತುವವರು ಇದನ್ನು ಯೋಚಿಸುವುದು ವಿರಳ. ಆಳ ಕಡಿಮೆಯಿರುವ ಪ್ರಾಥಮಿಕ ಇಳಿತದಲ್ಲಿ ಅಪಾಯ ಅಲ್ಪವೇ ಆದರೂ, ಲಕ್ಷಣಗಳು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಆಗ ರೋಗಿ ಬ್ಯಾಡರಹಳ್ಳಿಯ ಮನೆಯಲ್ಲಿರುತ್ತಾನೆ; ಹಿಂದಿನ ದಿನದ ಡೈವಿಂಗ್ ವಿಷಯವನ್ನು ಆತನೇ ಹೇಳದಿದ್ದರೆ ವೈದ್ಯರಿಗೆ ಸುಳಿವು ಸಿಗುವುದು ಕಠಿಣ.

ವಿಶೇಷ ಡೈವಿಂಗ್ ವಿಮೆಯ ಮಹತ್ವ ಇರುವುದು ಇಲ್ಲಿ. 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಲಾಭರಹಿತ ಸಂಸ್ಥೆ ಇಂಥ ರಕ್ಷಣೆಗೆ ಹೆಸರುವಾಸಿ. ಒತ್ತಡ ಸಂಬಂಧಿ ತೊಂದರೆಯನ್ನು ಹೆಸರಿಸಿಯೇ ಒಳಗೊಳ್ಳುವುದು, ಅಧಿಕ ಒತ್ತಡದ ಆಮ್ಲಜನಕ ಕೊಠಡಿಯ ಚಿಕಿತ್ಸೆ, ರೋಗಿಯ ತುರ್ತು ಸಾಗಣೆ ಮತ್ತು ವೈದ್ಯಕೀಯ ಸಲಹೆ ಇಂಥ ವಿಮೆಯ ತಿರುಳು. ದ್ವೀಪದಿಂದ ದಡಕ್ಕೆ, ಅಲ್ಲಿಂದ ಸೂಕ್ತ ಆಸ್ಪತ್ರೆಗೆ ಒಯ್ಯುವ ವೆಚ್ಚವೇ ಚಿಕಿತ್ಸೆಯ ವೆಚ್ಚವನ್ನು ಮೀರಬಹುದು.

ಹಾಗೆಂದು ಎಲ್ಲರೂ ಇದನ್ನು ಕೊಳ್ಳಬೇಕೆಂದಲ್ಲ. ವರ್ಷಕ್ಕೊಮ್ಮೆ ತರಬೇತುದಾರನ ಜೊತೆ 12 ಮೀಟರ್ ಒಳಗೆ ಇಳಿಯುವವರಿಗೆ ಚಾಲ್ತಿಯಲ್ಲಿರುವ ಆರೋಗ್ಯ ವಿಮೆ ಮತ್ತು ಸಾಹಸ ಕ್ರೀಡೆಯನ್ನು ಹೊರಗಿಡದ ಅಪಘಾತ ವಿಮೆ ಬಹುಮಟ್ಟಿಗೆ ಸಾಕು. ವಾರ್ಷಿಕ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಸಾವು ಮತ್ತು ಅಂಗವೈಕಲ್ಯಕ್ಕೆ ಮಾತ್ರ ಸೀಮಿತ, ಆಸ್ಪತ್ರೆ ಖರ್ಚಿಗೆ ಅದು ಒದಗದು. ಪ್ರಮಾಣಪತ್ರ ಪಡೆದು ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್‌ಗಳಲ್ಲಿ ಪದೇಪದೇ ಇಳಿಯುವವರಿಗೆ ವಿಶೇಷ ವಿಮೆ ಅಗತ್ಯ. ತರಬೇತುದಾರರಿಗಂತೂ ಅದು ಅನಿವಾರ್ಯ. ಅದರ ಕಂತನ್ನು ಉದ್ಯೋಗದಾತರೇ ಭರಿಸುವುದು ನ್ಯಾಯ.

ಖರೀದಿಗೆ ಮುನ್ನ ಆಳದ ಮಿತಿ, ‘ವೃತ್ತಿಪರ’ ಪದದ ಅರ್ಥ, ಸಾಗಣೆ ವೆಚ್ಚ ಈ ಮೂರನ್ನೂ ಕಂಪನಿಯಿಂದ ಲಿಖಿತವಾಗಿ ಪಡೆಯುವುದು ಲೇಸು. ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಗೆ, ಬಳಿಕ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದಾಗ ಸುರಕ್ಷತೆಯ ಚರ್ಚೆ ಜೋರಾಗಿ ನಡೆಯಿತು. ಅದು ಡೈವಿಂಗ್ ಅವಘಡವಲ್ಲ. ಆದರೆ ದುರಂತದ ನಂತರ ಹೊಣೆ ಹುಡುಕುವ ಪರಿಪಾಠ ಎಲ್ಲೆಡೆ ಒಂದೇ. ಜಲಕ್ರೀಡೆಗೆ ಪರವಾನಗಿ ನೀಡುವಾಗಲೇ ಪ್ರವಾಸಿಗರಿಗೂ ಸಿಬ್ಬಂದಿಗೂ ಸಾಮೂಹಿಕ ವಿಮೆ ಕಡ್ಡಾಯಗೊಳಿಸಿ, ಅದರ ಷರತ್ತುಗಳನ್ನು ಕನ್ನಡದಲ್ಲಿ ಟಿಕೆಟ್ ಮೇಲೆ ಮುದ್ರಿಸಿದರೆ, ಲೈಫ್ ಜಾಕೆಟ್‌ನಷ್ಟೇ ಸಹಜವಾಗಿ ವಿಮೆಯೂ ದೋಣಿ ಏರುತ್ತದೆ.