ಗಾಯ ಸೈನ್ಯದಲ್ಲಿ, ಪುರಾವೆ ಮನೆಯವರ ಕೈಯಲ್ಲಿ

ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಗೆ ಆಯ್ಕೆಯಾದ ಹುಡುಗ ತರಬೇತಿಗೆ ಸೇರುವ ಮೊದಲು ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ತರಬೇತಿಯಲ್ಲಿ ಏನೇ ಗಾಯವಾದರೂ ತನಗಾಗಲಿ, ತನ್ನ ವಾರಸುದಾರರಿಗಾಗಲಿ ಸರ್ಕಾರದಿಂದ ಪರಿಹಾರ ಕೇಳುವ ಹಕ್ಕಿಲ್ಲ ಎಂಬುದು ತನಗೆ ಚೆನ್ನಾಗಿ ಗೊತ್ತಿದೆ ಎಂದು ಅದರಲ್ಲಿ ಬರೆದಿರುತ್ತದೆ. ಊರಿನಲ್ಲಿ ಅಷ್ಟರಲ್ಲಿ ಫ್ಲೆಕ್ಸ್ ಕಟ್ಟಿರುತ್ತಾರೆ, ಓದಿದ ಶಾಲೆಯವರು ಕರೆದು ಶಾಲು ಹೊದಿಸಿರುತ್ತಾರೆ. ಆ ಸಂಭ್ರಮದಲ್ಲಿ ಅಂಥ ಕಾಗದವನ್ನು ಎರಡನೇ ಸಲ ಓದುವವರು ಯಾರು?

ಓದುವ ದಿನ ಕೆಲವರಿಗೆ ಬರುತ್ತದೆ. ಈಜುಕೊಳಕ್ಕೆ ಧುಮುಕಿದಾಗ ಕತ್ತಿನ ಮೂಳೆ ಮುರಿಯುತ್ತದೆ, ಅಡೆತಡೆ ದಾಟುವ ಓಟದಲ್ಲಿ ಮೇಲಿನಿಂದ ಬಿದ್ದು ಬೆನ್ನುಹುರಿ ಜಖಂ ಆಗುತ್ತದೆ, ಬಾಕ್ಸಿಂಗ್‌ನಲ್ಲಿ ತಲೆಗೆ ಪೆಟ್ಟು ಬೀಳುತ್ತದೆ. ತಿಂಗಳುಗಟ್ಟಲೆ ಮಿಲಿಟರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟ ಮೇಲೆ ವೈದ್ಯಕೀಯ ಮಂಡಳಿ ಕೂತು, ಇವನು ಸೇನೆಗೆ ಯೋಗ್ಯನಲ್ಲ ಎಂದು ಬರೆಯುತ್ತದೆ. ಸೇನೆಯ ಭಾಷೆಯಲ್ಲಿ ಹೇಳುವುದಾದರೆ ‘ಬೋರ್ಡ್ ಔಟ್’. 1985ರಿಂದ ಈಚೆಗೆ ಹೀಗೆ ಮನೆಗೆ ಮರಳಿದ ಕೆಡೆಟ್‌ಗಳು ಸುಮಾರು 500 ಮಂದಿ.

ಇವರು ಮಾಜಿ ಸೈನಿಕರಲ್ಲ. ಅಧಿಕಾರಿಯಾಗಿ ಕಮಿಷನ್ ಪಡೆಯುವ ಮೊದಲೇ ಗಾಯಗೊಂಡರಲ್ಲ, ಹಾಗಾಗಿ ಕಾನೂನಿನ ಕಣ್ಣಿಗೆ ಇವರು ಸೈನ್ಯಕ್ಕೆ ಸೇರಿಯೇ ಇಲ್ಲ! ಜವಾನನಾಗಿ ಭರ್ತಿಯಾದವನು ತರಬೇತಿಯಲ್ಲಿ ಬಿದ್ದು ಅಂಗವಿಕಲನಾದರೆ ಅಂಗವೈಕಲ್ಯ ಪಿಂಚಣಿಗೆ ಅರ್ಹ. ಅದೇ ಬಗೆಯ ಮೈದಾನದಲ್ಲಿ ಬಿದ್ದ ಕೆಡೆಟ್‌ಗೆ ಪಿಂಚಣಿ ಇಲ್ಲ, ‘ಎಕ್ಸ್‌ಗ್ರೇಷಿಯಾ’ ಅಷ್ಟೆ. ತೀವ್ರ ಅಂಗವೈಕಲ್ಯ ಇದ್ದವರಿಗೂ ಅದು ತಿಂಗಳಿಗೆ ಹೆಚ್ಚೆಂದರೆ 40 ಸಾವಿರ ರೂಪಾಯಿ. ಸರ್ಕಾರದ ಕಡತದಲ್ಲಿ ಅದು ಹಕ್ಕಿನ ಹಣವಲ್ಲ, ಕೃಪೆಯ ಹಣ.

ಪತ್ರಿಕಾ ವರದಿಯೊಂದನ್ನು ನೋಡಿ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಕರ್ನಾಟಕ ಹೈಕೋರ್ಟ್‌ನಿಂದ ಅಲ್ಲಿಗೆ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಪೀಠದಲ್ಲಿದ್ದರು. ತರಬೇತಿಯಲ್ಲಿರುವವರಿಗೆ ಗುಂಪು ವಿಮೆ ಮಾಡಿಸಬಾರದೇ, ಎಕ್ಸ್‌ಗ್ರೇಷಿಯಾ ಮೊತ್ತವನ್ನು ಏರಿಸಬಾರದೇ, ಚಿಕಿತ್ಸೆ ಮುಗಿದ ಮೇಲೆ ಬೇರೆ ಕೆಲಸ ಕೊಟ್ಟು ಪುನರ್ವಸತಿ ಕಲ್ಪಿಸಬಾರದೇ ಎಂದು ಪೀಠ ಕೇಂದ್ರವನ್ನು ಕೇಳಿತು. ಆಗಸ್ಟ್ ಮುಗಿಯುವಷ್ಟರಲ್ಲಿ ರಕ್ಷಣಾ ಸಚಿವಾಲಯ ಈ ಕೆಡೆಟ್‌ಗಳನ್ನು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ಗೆ ಸೇರಿಸಿಕೊಂಡಿತು. ನಾಲ್ಕು ದಶಕ ಆಗದೇ ಇದ್ದ ಕೆಲಸ ಕೋರ್ಟ್ ಕೇಳಿದ ಕೆಲವೇ ದಿನಗಳಲ್ಲಿ ಆಯಿತು. ಕಷ್ಟದ ಕೆಲಸವೇನೂ ಆಗಿರಲಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್‌ನಲ್ಲಿ. ಕಾರ್ಡು ಹಿಡಿದು ಪಾಲಿಕ್ಲಿನಿಕ್‌ಗೆ ಹೋಗಬೇಕು, ಅಲ್ಲಿನ ವೈದ್ಯರು ಬರೆದುಕೊಟ್ಟ ರೆಫರಲ್ ಹಿಡಿದು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ದುಡ್ಡು ಕಟ್ಟಬೇಕಿಲ್ಲ. 2025–26ರ ಬಜೆಟ್‌ನಲ್ಲಿ ಇದಕ್ಕೆ 8,317 ಕೋಟಿ ರೂಪಾಯಿ ಇಟ್ಟಿದ್ದಾರೆ. ಒಳ್ಳೆಯ ಯೋಜನೆಯೇ, ಇದರಿಂದ ಬದುಕಿಕೊಂಡವರು ಬೆಳಗಾವಿಯಲ್ಲೂ ಇದ್ದಾರೆ, ಕೊಡಗಿನಲ್ಲೂ ಇದ್ದಾರೆ. ಆದರೆ ಇದು ಆಸ್ಪತ್ರೆಯ ಬಿಲ್ಲಿಗಾಗಿ ಮಾಡಿದ ಯೋಜನೆ. ಬೆನ್ನುಹುರಿ ಕಡಿದವನ ಬದುಕಿನ ಬಹುಪಾಲು ಕಳೆಯುವುದು ಆಸ್ಪತ್ರೆಯ ಹೊರಗೆ, ಮನೆಯ ನಡುಮನೆಯಲ್ಲಿ ಹಾಕಿದ ಮಂಚದ ಮೇಲೆ.

ಅಲ್ಲಿ ನಡೆಯುವುದೇನು? ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಕೂಡ. ತಪ್ಪಿದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣು ಏಳುತ್ತದೆ. ಸ್ಪರ್ಶಜ್ಞಾನ ಇಲ್ಲದವನಿಗೆ ಹುಣ್ಣಾಗಿದ್ದೇ ಗೊತ್ತಾಗುವುದಿಲ್ಲ; ಚಾದರಕ್ಕೆ ಕಲೆ ಹತ್ತಿದಾಗಲೋ ಜ್ವರ ಬಂದಾಗಲೋ ಮನೆಯವರಿಗೆ ತಿಳಿಯುತ್ತದೆ. ಮೂತ್ರದ ನಳಿಕೆ ಬದಲಿಸಬೇಕು, ಚೀಲ ಖಾಲಿ ಮಾಡಬೇಕು, ಕೈಕಾಲು ಸೆಟೆದುಕೊಳ್ಳದಂತೆ ದಿನವೂ ಮಡಚಿ ಬಿಡಿಸಬೇಕು. ಅರವತ್ತು ಕಿಲೋ ತೂಗುವ ದೇಹವನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸಬೇಕು. ಇದೆಲ್ಲ ಮಾಡುವವರು ಸಾಮಾನ್ಯವಾಗಿ ತಾಯಿ ಅಥವಾ ಹೆಂಡತಿ. ಹೀಗೆ ನೋಡಿಕೊಳ್ಳುವವರ ಹೆಸರಿನಲ್ಲಿ ಪೂರ್ಣ ಅಂಗವೈಕಲ್ಯ ಇದ್ದ ಮಾಜಿ ಸೈನಿಕನಿಗೆ ಒಂದು ಭತ್ಯೆ ಇದೆ. ಏಳನೇ ವೇತನ ಆಯೋಗ ಅದನ್ನು 4,500ರಿಂದ 6,750 ರೂಪಾಯಿಗೆ ಏರಿಸಿತು. ಅಂದರೆ ದಿನಕ್ಕೆ 225 ರೂಪಾಯಿ. ತುಟ್ಟಿಭತ್ಯೆ ಏರಿದಾಗ ಇದೂ ಒಂದಿಷ್ಟು ಏರುತ್ತದೆ, ನಿಜ. ಏರಿದ ಮೇಲೂ ಹುಬ್ಬಳ್ಳಿಯಲ್ಲಾಗಲಿ ಮೈಸೂರಿನಲ್ಲಾಗಲಿ ಆ ದುಡ್ಡಿಗೆ ಹಗಲು ರಾತ್ರಿ ನೋಡಿಕೊಳ್ಳುವ ಒಬ್ಬರನ್ನು ಹುಡುಕಿ ನೋಡಿ.

ಕೆಡೆಟ್‌ಗಳ ಗೋಳು ಒಂದು ಬಗೆಯದಾದರೆ, ವರ್ಷಗಟ್ಟಲೆ ಸೇವೆ ಮಾಡಿ ಕಾಯಿಲೆ ಬಿದ್ದ ಸೈನಿಕನದು ಇನ್ನೊಂದು ಬಗೆ. ಧರಮ್‌ವೀರ್ ಸಿಂಗ್ 1985ರ ಜೂನ್‌ನಲ್ಲಿ ಸೇನೆಯ ಸಿಗ್ನಲ್ಸ್ ವಿಭಾಗಕ್ಕೆ ಸೇರಿದವರು. ಭರ್ತಿಯ ವೇಳೆ ನಡೆದ ತಪಾಸಣೆಯಲ್ಲಿ ಯಾವ ಕಾಯಿಲೆಯೂ ದಾಖಲಾಗಿರಲಿಲ್ಲ. ಸೇವೆಯಲ್ಲಿದ್ದಾಗ ಮೂರ್ಛೆರೋಗ ಬಂತು. 1994ರಲ್ಲಿ ಶೇ 20ರಷ್ಟು ಅಂಗವೈಕಲ್ಯ ಎಂದು ಬರೆದು ಮನೆಗೆ ಕಳಿಸಿದರು. ಪಿಂಚಣಿ ಕೇಳಿದರೆ, ಇದು ನಿಮ್ಮ ದೇಹಪ್ರಕೃತಿಯಿಂದ ಬಂದದ್ದು, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂಬ ಉತ್ತರ. ಯಾಕೆ ಸಂಬಂಧವಿಲ್ಲ ಎಂಬುದಕ್ಕೆ ವೈದ್ಯಕೀಯ ಮಂಡಳಿ ಕಾರಣವನ್ನೇ ಕೊಟ್ಟಿರಲಿಲ್ಲ. ಹೈಕೋರ್ಟ್‌ನ ಏಕಸದಸ್ಯ ಪೀಠದಲ್ಲಿ ಗೆದ್ದರು, ವಿಭಾಗೀಯ ಪೀಠದಲ್ಲಿ ಸೋತರು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸೇರುವಾಗ ಆರೋಗ್ಯವಾಗಿದ್ದವನಿಗೆ ಆಮೇಲೆ ಕಾಯಿಲೆ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲ ಎನ್ನುವುದಾದರೆ ಸೇನೆಯೇ ಕಾರಣ ಸಹಿತ ತೋರಿಸಬೇಕು ಎಂದಿತು. ಮನೆಗೆ ಬಂದು ಹತ್ತೊಂಬತ್ತು ವರ್ಷ ಕಳೆದಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 2025ರ ಜುಲೈ 1ರಂದು ದೆಹಲಿ ಹೈಕೋರ್ಟ್ ಕೇಂದ್ರ ಸರ್ಕಾರದ ಸುಮಾರು 300 ಅರ್ಜಿಗಳನ್ನು ಒಟ್ಟಿಗೆ ವಜಾ ಮಾಡಿತು. ಎಲ್ಲವೂ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅಂಗವೈಕಲ್ಯ ಪಿಂಚಣಿ ಕೊಡಿ ಎಂದು ಹೇಳಿದ ಆದೇಶಗಳ ವಿರುದ್ಧ ಹಾಕಿದ್ದು. ಸರ್ಕಾರದ ವಕೀಲರಿಗೆ ಶುಲ್ಕ ಕೊಡುವುದು ಖಜಾನೆ. ಸೈನಿಕನ ವಕೀಲರಿಗೆ ಕೊಡಬೇಕಾದದ್ದು ಅವನ ಪಿಂಚಣಿ, ಇಲ್ಲವೇ ಹೆಂಡತಿಯ ಕಿವಿಯೋಲೆ. ಆ ನ್ಯಾಯಮಂಡಳಿಯ ಪೀಠಗಳು ದಕ್ಷಿಣದಲ್ಲಿರುವುದು ಚೆನ್ನೈ ಮತ್ತು ಕೊಚ್ಚಿಯಲ್ಲಿ. ಗೋಕಾಕದ ನಿವೃತ್ತ ಹವಾಲ್ದಾರ ಎಷ್ಟು ಸಲ ಅಷ್ಟು ದೂರ ರೈಲು ಹತ್ತಿಯಾನು? ತಡವಾಗಿ ಕೋರ್ಟಿಗೆ ಹೋದವರಿಗಂತೂ ಸಾಮಾನ್ಯವಾಗಿ ಅರ್ಜಿ ಹಾಕುವುದಕ್ಕೆ ಹಿಂದಿನ ಮೂರು ವರ್ಷದ ಬಾಕಿ ಮಾತ್ರ ಸಿಗುತ್ತದೆ.

ಸರ್ಕಾರದ ವಾದವನ್ನೂ ಕೇಳಬೇಕು. ನಿವೃತ್ತರಾಗುವ ಅಧಿಕಾರಿಗಳಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಅಂಗವೈಕಲ್ಯ ಪಿಂಚಣಿ ಸಿಗುತ್ತಿದೆ, ಅದಕ್ಕಿಂತ ಕೆಳಗಿನ ದರ್ಜೆಯವರಲ್ಲಿ ಇದು ಶೇ 18ರಷ್ಟು ಎಂದು ಸಿಎಜಿ ವರದಿ 2023ರಲ್ಲಿ ಎತ್ತಿ ತೋರಿಸಿತು. ರಕ್ತದೊತ್ತಡ, ಮಧುಮೇಹದ ಹೆಸರಿನಲ್ಲಿ ಪಿಂಚಣಿ ಪಡೆಯುವವರು ಹೆಚ್ಚುತ್ತಿದ್ದಾರೆ ಎಂಬ ಅನುಮಾನ ಸುಳ್ಳೇನಲ್ಲ. ಅದೇ ವರ್ಷ ನಿಯಮಗಳನ್ನು ಬಿಗಿ ಮಾಡಿದ್ದೂ ಆಯಿತು. ಆದರೆ ಆ ಅಂಕಿಗಳನ್ನೇ ಮತ್ತೊಮ್ಮೆ ನೋಡಿ. ದುರುಪಯೋಗ ಇದ್ದರೆ ಅದು ನಿಯಮ ಬಲ್ಲ, ಕಡತ ಓಡಾಡಿಸಬಲ್ಲ ಮೇಲಿನ ದರ್ಜೆಯಲ್ಲೇ ಹೆಚ್ಚಿರಬೇಕು. ಬಿಗಿಯ ಬಿಸಿ ತಟ್ಟುವುದು ಮಾತ್ರ ಅರ್ಜಿ ಬರೆಸಲಿಕ್ಕೂ ಇನ್ನೊಬ್ಬರ ಬಳಿ ಹೋಗುವ ಜವಾನನಿಗೆ.

ನಮಗೆ ಗೆದ್ದು ಬಂದ ಅಂಗವಿಕಲ ಸೈನಿಕ ಎಂದರೆ ಪ್ರೀತಿ. 1965ರ ಯುದ್ಧದಲ್ಲಿ ಗುಂಡೇಟು ತಿಂದು, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದ ಮುರಳೀಕಾಂತ್ ಪೇಟ್ಕರ್ ಮೇಲೆ ಸಿನಿಮಾ ಬಂತು, ಜನ ಚಪ್ಪಾಳೆ ತಟ್ಟಿದರು. ಅವರಿಗೂ ಅರ್ಜುನ ಗೌರವ ಸಿಕ್ಕಿದ್ದು 2025ರಲ್ಲಿ, ಸಿನಿಮಾ ಬಂದ ಮರುವರ್ಷ. ಪದಕ ಗೆಲ್ಲದವರ ಪಾಡು ಹೇಗಿರಬಹುದು, ಊಹಿಸಿಕೊಳ್ಳಿ.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ತರಬೇತಿಯಲ್ಲಿ ಅಂಗವಿಕಲರಾದ ಕೆಡೆಟ್‌ಗಳನ್ನು ಮಾಜಿ ಸೈನಿಕರೆಂದು ಪರಿಗಣಿಸಿ ಪಿಂಚಣಿ ಕೊಡಬೇಕು, ಆ ಸಹಿಯ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಕು. ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ ಎನ್ನುವ ವೈದ್ಯಕೀಯ ಮಂಡಳಿ ಕಾರಣ ಬರೆಯದಿದ್ದರೆ ಆ ವರದಿಯನ್ನು ಸೇನಾ ಕಚೇರಿಯೇ ವಾಪಸ್ ಕಳಿಸಬೇಕು; ನ್ಯಾಯಮಂಡಳಿ ಒಮ್ಮೆ ಕೊಡಿ ಎಂದ ಮೇಲೆ ಮೇಲ್ಮನವಿಯ ಚಾಳಿ ನಿಲ್ಲಬೇಕು. ನೋಡಿಕೊಳ್ಳುವವರ ಭತ್ಯೆಯನ್ನು ಕನಿಷ್ಠ ವೇತನದ ಮಟ್ಟಕ್ಕೆ ತರುವುದು ಎಲ್ಲಕ್ಕಿಂತ ತುರ್ತು. 1985ರಲ್ಲಿ ಇಪ್ಪತ್ತರ ಹುಡುಗನಾಗಿ ಬಿದ್ದವನಿಗೆ ಈಗ ಅರವತ್ತಾಗಿದೆ, ಅವನ ತಾಯಿ ಇದ್ದರೆ ಎಂಬತ್ತರ ಆಸುಪಾಸು. ಮಗ್ಗುಲು ಬದಲಿಸುವ ಕೆಲಸಕ್ಕೆ ಆ ಮನೆಗೆ ಇನ್ನು ಸಂಬಳದ ಆಳು ಬೇಕೇ ಬೇಕು, ಆ ಸಂಬಳ ಕೊಡಬೇಕಾದದ್ದು ರಕ್ಷಣಾ ಸಚಿವಾಲಯ.