ಮಂಗಳನ ಪಾಠಕ್ಕೆ ಹೊಸಹೊಳಲಿಗೆ ಬಸ್ಸು

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಪ್ರವಾಸದ ಗಡಿಬಿಡಿ. ಶ್ರೀರಂಗಪಟ್ಟಣ ಅಂದರೆ ಟಿಪ್ಪು, ಪಾಂಡವಪುರದ ಕುಂತಿಬೆಟ್ಟ ಅಂದರೆ ಪಾಂಡವರು, ಕೆ.ಆರ್. ಪೇಟೆಯ ಹೊಸಹೊಳಲು ಅಂದರೆ ಹೊಯ್ಸಳರು. ವಿಜ್ಞಾನದ ಮೇಷ್ಟ್ರಾದ ನನಗೆ ಬಸ್ಸಿನಲ್ಲಿ ತಲೆ ಎಣಿಸುವ ಕೆಲಸ. ಮಂಗಳ ಗ್ರಹದ ಪಾಠಕ್ಕೂ ಇವೇ ಜಾಗ ಸಾಕು ಅಂದರೆ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ.

2012ರಲ್ಲಿ ಮಂಗಳನ ಗೇಲ್ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿ ರೋವರ್, ಉರುಟು ಕಲ್ಲುಗಳು ಅಂಟಿಕೊಂಡ ಬಂಡೆಯ ಫೋಟೊ ಕಳಿಸಿತು. ಅಷ್ಟು ದಪ್ಪ ಕಲ್ಲನ್ನು ಗಾಳಿ ಹೊತ್ತೊಯ್ಯಲಾರದು. ಅಲ್ಲಿ ಹೊಳೆ ಹರಿದಿತ್ತು, ಪಾದದ ಗಂಟಿನಿಂದ ಸೊಂಟದವರೆಗೆ ನೀರಿತ್ತು ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದು ಆ ಕಲ್ಲುಗಳಿಂದಲೇ. ಶ್ರೀರಂಗಪಟ್ಟಣದ ಸಂಗಮದಲ್ಲಿ ಬೇಸಿಗೆಯಲ್ಲಿ ಕಾಲಿಟ್ಟವರಿಗೆ ಕಲ್ಲು ಹೇಗೆ ಉರುಟಾಗುತ್ತದೆಂದು ಬೇರೆ ಹೇಳಬೇಕೆ?

ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ಬಳಪದ ಕಲ್ಲಿನದು. ಆ ಜಾತಿಯ ಕಲ್ಲಿನ ಚೂರೊಂದನ್ನು (ಗುಡಿಯದನ್ನಲ್ಲ, ಮಾರಾಯ್ರೇ!) ಉಗುರಿನಲ್ಲಿ ಕೆರೆದರೆ ಬಿಳಿ ಪುಡಿ ಉದುರುತ್ತದೆ, ಬೆರಳು ಸೋಪು ಮುಟ್ಟಿದಂತೆ ಜಾರುತ್ತದೆ. ಮೆಗ್ನೀಸಿಯಮ್ ತುಂಬಿದ ಲಾವಾ ಶಿಲೆ ನೆಲದಾಳದಲ್ಲಿ ಕಾವು, ಒತ್ತಡ, ನೀರಿಗೆ ಸಿಕ್ಕಿ ಹೀಗೆ ಮೆತ್ತಗಾಗುತ್ತದೆ. ನಾಗಮಂಗಲದ ಶಿಸ್ಟ್ ಪಟ್ಟಿಯಲ್ಲಿ ಸುಮಾರು 300 ಕೋಟಿ ವರ್ಷದಷ್ಟು ಹಳೆಯ ಅಂಥ ಲಾವಾ ಶಿಲೆಗಳಿವೆ. 2021ರಲ್ಲಿ ಮಂಗಳನ ಜೆಝೆರೊ ಕುಳಿಗೆ ಇಳಿದ ಪರ್ಸಿವಿಯರೆನ್ಸ್ ರೋವರ್ ಹುಡುಕಿದ್ದೂ ಇದೇ ಬಗೆಯ ಗುರುತು: ಅಗ್ನಿಶಿಲೆಯ ಆಲಿವಿನ್, ಅದರ ಪಕ್ಕದಲ್ಲೇ ನೀರು ಮುಟ್ಟಿ ಹುಟ್ಟಿದ ಕಾರ್ಬೊನೇಟ್.

ಬೆಟ್ಟದ ವಿಷಯದಲ್ಲಿ ಮಾತ್ರ ಎರಡೂ ಗ್ರಹಗಳ ದಾರಿ ಬೇರೆ. ಕುಂತಿಬೆಟ್ಟ ಬೆಳೆದು ನಿಂತಿದ್ದಲ್ಲ, ಸುತ್ತಲಿನದು ಮಳೆಗೆ ಸವೆದು ಉಳಿದ ಬಂಡೆ. ಮಂಗಳನಲ್ಲಿ ನೆಲದ ಫಲಕಗಳು ನಮ್ಮಲ್ಲಿಯ ಹಾಗೆ ಸರಿಯಲಿಲ್ಲ. ಲಾವಾ ಒಂದೇ ಜಾಗದಲ್ಲಿ ಉಕ್ಕಿ ಉಕ್ಕಿ ಒಲಿಂಪಸ್ ಮಾನ್ಸ್ ಸುಮಾರು 22 ಕಿಲೋಮೀಟರ್ ಎತ್ತರಕ್ಕೆ ಏರಿತು. ಮಳೆ ನಿಂತು ಯಾವ ಕಾಲವಾಯಿತೋ, ಅದನ್ನು ಸವೆಸುವವರೂ ಇಲ್ಲ.

ನಮ್ಮ ತೊಂದರೆ ಇರುವುದು ಟೈಮ್‌ಟೇಬಲ್ಲಿನಲ್ಲಿ. ಎಂಟನೇ ಕ್ಲಾಸಿನ ಶಿಲಾಗೋಳ ಸಮಾಜ ಮೇಷ್ಟ್ರಿಗೆ, ಗ್ರಹಗಳು ನನಗೆ. ಕಲ್ಲು ಅವರ ಪಾಲು, ಮಂಗಳ ನನ್ನ ಪಾಲು. ಮಕ್ಕಳಿಗೆ ಎರಡೂ ಬರೀ ಚಿತ್ರ. ಮೈಸೂರಿನ ಮೃಗಾಲಯ ಬಿಡಿ ಅಂತ ನಾನೇನೂ ಕೇಳುತ್ತಿಲ್ಲ. ಸಂಗಮದಲ್ಲಿ ಊಟಕ್ಕೆ ನಿಲ್ಲಿಸುವ ಬಸ್ಸನ್ನು ಇನ್ನರ್ಧ ಗಂಟೆ ನಿಲ್ಲಿಸಿ, ನಮ್ಮಿಬ್ಬರನ್ನೂ ಒಟ್ಟಿಗೆ ಹೊಳೆದಂಡೆಗೆ ಬಿಡಿ.